ಪಂಪಿಗೊಂದು ಕುಂಚಿಗೆ

೧೯೪೫ನೇ ಇಸವಿ, ಫೆಬ್ರುವರಿ ಹನ್ನೆರಡು, ಸೋಮವಾರ, ಮುಂಜಾನೆ ಒಂಬತ್ತು ಗಂಟೆಗೆ ಇದೆಲ್ಲ ಶುರುವಾಯಿತು. ಯಲಬುರ್ಗಾದ ನನ್ನ ತವರುಮನೆಯ ಪಡಸಾಲೆಯಲ್ಲಿ ಎರಡು ತಿಂಗಳ ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದೆ. ಟಪಾಲಿನವನು ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗಿದ. ಅವ್ವ ಹೋಗಿ ಲಕೋಟೆ ತಂದು ಕೊಟ್ಟಳು. ಎಣ್ಣೆಗೈಯಲ್ಲೇ ಒಡೆದು ಓದಿದೆ. ಹೆಣ್ಣುಮಕ್ಕಳ ಶಾಲೆಗಳಿಗೆ ಪಾಠ ಹೇಳುವ ಅಕ್ಕೋರನ್ನು ಆರಿಸುವ ಪರೀಕ್ಷೆಗೆ ನನ್ನ ದರಖಾಸ್ತು ಮಂಜೂರಾಗಿತ್ತು. ಮಾರ್ಚ್ ಇಪ್ಪತ್ಮೂರು, ಶುಕ್ರವಾರ, ಕೊಪ್ಪಳದಲ್ಲಿ, ಹತ್ತರಿಂದ ಐದರವರೆಗೆ ಹಾಜರಿರತಕ್ಕದ್ದು. ನಮ್ಮದು ಉರ್ದು ನಡೆಯುವ ನವಾಬರ ಸಂಸ್ಥಾನ, ಶುಕ್ರವಾರ ಶಾಲೆಗೆ ಸೂಟಿಯಾದ್ದರಿಂದ ಕೋಣೆಗಳು ಅಂದೇ ಖಾಲಿ ಸಿಗುತ್ತಿದ್ದವು. ಒಟ್ಟು ಜಾಗ ಎರಡೇ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು.

ನಾನು ಕೂಸನ್ನು ಎತ್ತಿಕೊಂಡು ಪಡಸಾಲೆಯಲ್ಲಿ ಗಿರಗಿರನೆ ಸುತ್ತಿದೆ. ಎಣ್ಣೆ ಹಚ್ಚಿದ ಕೂಸು ಮೀನಿನಂತೆ ಜಾರುತ್ತಿತ್ತು.

"ಏ ಹುಚ್ಚಿ, ಕೂಸು ಇಳಸು ಮೊದಲ!" ಎಂದಳು ಅವ್ವ. "ಏನು ಬರದಾರ ಅದರಾಗ?"

ಹೇಳಿದೆ. ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವ್ವ ಒಬ್ಬಳೇ ಇರುತ್ತಿದ್ದಳು. ನಾನು ಹೆರಿಗೆಗೆಂದು ಬಂದವಳು ಇನ್ನೂ ಹೊರಟಿರಲಿಲ್ಲ. ಅವ್ವನಿಗೆ ಓದು ಬಾರದು. ಆದರೆ ನಾನು ಅಕ್ಕೋರಾಗಬೇಕೆನ್ನುವುದು ನನಗಿಂತ ಮೊದಲು ಅವಳ ತಲೆಯಲ್ಲೇ ಹೊಳೆದದ್ದು. ಆದ್ದರಿಂದ ಬೇಡ ಅನ್ನಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು.

"ಹೋಗು. ಆದ್ರ ಕೂಸಿನ ಹೊಟ್ಟಿಗೆ ಏನು ಇಟ್ಟು ಹೋಗ್ತೀ?"

"ಒಂದ ದಿನ ಅಲ್ಲೇನು, ಆಡಿನ ಹಾಲು..."

"ಆಡಿನ ಹಾಲಿನ ಹೆಸರ ತಗೀಬ್ಯಾಡ. ಮೊನ್ನೆ ಒಂದೀಟು ಕುಡಿಸಿದ್ದಕ್ಕ ಎರಡು ದಿನ ಅರಿವಿ ಒಗದು ಒಗದು ನನ್ನ ಕೈ ಸುಣ್ಣದಂಗ ಆಗಿದ್ವು."

"ಹಂಗಾರ ಕೂಸಿನ್ನ ಕರಕೊಂಡ ಹೋಗ್ತೀನಿ."

"ಆ ಇದ್ದಲಿ ಬಸ್ಸಿನ್ಯಾಗ? ಹೋಗೂಮುಂದ ಕೂಸು, ಬರೂಮುಂದ ಕಾಡಿಗಿ!"

ಅವ್ವ ಹೇಳಿದ್ದು ಸುಳ್ಳಲ್ಲ. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸು ಇದ್ದಿಲಿನ ಮೇಲೆ ಓಡುತ್ತಿತ್ತು. ಹಿಂಬದಿಗೆ ಕಬ್ಬಿಣದ ಒಲೆಯೊಂದನ್ನು ಕಟ್ಟಿದ್ದರು. ಅದರ ಹೊಗೆ ಅರ್ಧ ಎಂಜಿನ್ನಿಗೆ, ಅರ್ಧ ನಮ್ಮ ಮೂಗಿಗೆ. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು. ಪರೀಕ್ಷೆಯ ಹೊತ್ತಿಗೆ ಮೂರು ತಿಂಗಳಾಗುವ ಕೂಸನ್ನು ಅದರಲ್ಲಿ ಕೂರಿಸಲು ನನಗೂ ಧೈರ್ಯವಿರಲಿಲ್ಲ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬಂದರೂ ಇಡೀ ಹಗಲು ಕೂಸು ನನ್ನಿಂದ ದೂರ.

"ಹೋಗಬೇಕಂದ್ರ ನಿನ್ನ ಹಾಲು ಇಲ್ಲಿ ಬಿಟ್ಟು ಹೋಗು. ಇಲ್ಲಂದ್ರ ಇಲ್ಲ," ಎಂದು ಅವ್ವ ಒಳಗೆ ಹೋದಳು.

ಆಗದ ಮಾತೆಂದೇ ಅವಳು ಹಾಗೆ ಹೇಳಿದ್ದು. ನನಗೆ ಮಾತ್ರ ಅದು ಬಿಡಿಸಬಹುದಾದ ಲೆಕ್ಕದಂತೆ ಕಂಡಿತು. ಅಂದಿನ ದಿನಚರಿಯಲ್ಲಿ ಬರೆದೆ: "ಇನ್ನು ಉಳಿದದ್ದು ಮೂವತ್ತೊಂಬತ್ತು ದಿನ. ಕೆಲಸ ಎರಡು. ಒಂದು, ಉರ್ದು ವ್ಯಾಕರಣ. ಎರಡು, ಹಾಲು."

ನನ್ನ ಯಜಮಾನರು ಗಂಗಾವತಿಯ ಧಾನ್ಯದ ಅಡತಿಯಲ್ಲಿ ಗುಮಾಸ್ತರು. ಗುರುವಾರ ಸಂಜೆ ಬಂದು ಶನಿವಾರ ಬೆಳಗ್ಗೆ ಹೋಗುತ್ತಿದ್ದರು. ಆ ಗುರುವಾರ ಅವರ ಮುಂದೆ ವಿಷಯ ಇಟ್ಟೆ. ಅವರು ಒಂದು ಗಳಿಗೆ ಮೇಲೆ ನೋಡಿದರು, ಒಂದು ಗಳಿಗೆ ಕೆಳಗೆ ನೋಡಿದರು.

"ಅದಕ್ಕ ಪಂಪು ಅಂತ ಇರತೈತಂತ. ಗಾಜಿಂದು. ನಮ್ಮ ಸಾವಕಾರರು ಯಾವಾಗೋ ತಮ್ಮ ಮಗಳಿಗಿ ತರಿಸಿದ್ರು," ಎಂದರು.

"ಮತ್ತ ತರ್ರಿ!"

"ನಾನು? ಅಂಗಡಿಗಿ ಹೋಗಿ? ಏನಂತ ಕೇಳಲಿ?"

"ಹಾಲು ತೆಗಿಯೂ ಪಂಪು ಕೊಡ್ರಿ ಅಂತ ಕೇಳ್ರಿ. ಅದರಾಗ ನಾಚಿಕಿ ಏನೈತಿ?"

ಮುಂದಿನ ಗುರುವಾರ, ಫೆಬ್ರುವರಿ ಇಪ್ಪತ್ತೆರಡಕ್ಕೆ, ಒಂದು ಪೊಟ್ಟಣ ಹಿಡಿದು ಬಂದರು. ಅದನ್ನು ಕೊಡುವ ಮೊದಲು ಔಷಧಿ ಅಂಗಡಿಯಲ್ಲಿ ಏನಾಯಿತೆಂದು ಹೇಳಿದರು. ಅಂಗಡಿಯ ಮುಂದೆ ಮೂರು ಸಲ ಆಚೀಚೆ ಓಡಾಡಿ, ಜನ ಕಡಿಮೆಯಾದ ಮೇಲೆ ಒಳಗೆ ಹೋಗಿ, ದನಿ ತಗ್ಗಿಸಿ ಕೇಳಿದ್ದರಂತೆ. ಅಂಗಡಿಯವನು ದನಿ ಎತ್ತರಿಸಿ ಕೇಳಿದನಂತೆ: "ಎಮ್ಮಿ ಎಷ್ಟು ಅದಾವರಿ ಮನಿಯಾಗ?"

"ನೀವೇನಂದ್ರಿ?"

"ಎಮ್ಮಿ ಅಲ್ಲರಿ, ಮನಿಯವರಿಗಿ ಅಂದೆ. ಅಂಗಡಿ ತುಂಬ ನಕ್ಕರು. ಒಬ್ಬಾಂವ ನನ್ನ ಬೆನ್ನ ಚಪ್ಪರಿಸಿದ. ಇನ್ನ ಮ್ಯಾಲ ಆ ಓಣಿಯಾಗ ನಾ ತಲಿ ಎತ್ತಿ ನಡಿಯಂಗಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಒಳಗಿನಿಂದ ಅವ್ವನೂ ನಗುವುದು ಕೇಳಿಸಿತು. ಅಳಿಯನ ಮುಂದೆ ನಗಬಾರದೆಂದು ಅವಳು ನಡುವೆ ಕೆಮ್ಮು ಸೇರಿಸಿದಳು.

ಪೊಟ್ಟಣದಲ್ಲಿದ್ದ ಮೊದಲನೆಯ ಪಂಪು ಹೀಗಿತ್ತು. ಎದೆಗೆ ಒತ್ತಿ ಹಿಡಿಯಲು ಕಹಳೆಯ ಬಾಯಂಥ ಗಾಜಿನ ಬಟ್ಟಲು, ಕೆಳಗೆ ಹಾಲು ನಿಲ್ಲಲು ಒಂದು ಉಬ್ಬು, ಹಿಂದೆ ಮೊಳದುದ್ದದ ರಬ್ಬರ್ ನಳಿಕೆ, ಅದರ ತುದಿಗೆ ಗಾಜಿನ ತುಂಡು. ಆ ತುಂಡನ್ನು ತಾಯಿ ತಾನೇ ಬಾಯಲ್ಲಿಟ್ಟು ಎಳೆಯಬೇಕು. ಹಾಲು ಉಬ್ಬಿನಲ್ಲಿ ನಿಲ್ಲುತ್ತದೆ, ಬಾಯಿಗೆ ಬರುವುದು ಗಾಳಿ ಮಾತ್ರ.

ಅವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದು ಹುಕ್ಕಾ ಅಲ್ಲೇನ?"

ನಾನು ಹುಕ್ಕಾ ಸೇದುವವರಂತೆಯೇ ಗೋಡೆಗೊರಗಿ ಕುಳಿತು ಎಳೆದೆ. ಕೆನ್ನೆ ಒಳಗೆ ಹೋಯಿತು, ಕಣ್ಣು ಹೊರಗೆ ಬಂತು. ಎದುರಿಗೆ ಅವ್ವ ತಾನೂ ಕೆನ್ನೆ ಒಳಗೆಳೆದುಕೊಂಡು ನನ್ನನ್ನೇ ನೋಡುತ್ತಿದ್ದಳು. ನನಗೆ ನಗು ಬಂದು, ಎಳೆಯುವ ಬದಲು ಊದಿಬಿಟ್ಟೆ. ಪಂಪು ಪುಸ್ಸೆಂದು ಎದೆಯಿಂದ ಹಾರಿ ಕೌದಿಯ ಮೇಲೆ ಬಿತ್ತು. ಪುಣ್ಯಕ್ಕೆ ಒಡೆಯಲಿಲ್ಲ.

ದಿನಚರಿಯ ಹಿಂದಿನ ಹಾಳೆಯಲ್ಲಿ ನಾನೊಂದು ಪಟ್ಟಿ ಗೀಚಿದ್ದೆ. ಐದು ಅಂಕಣ: ಒಬ್ಬರೇ ಹಿಡಿಯಬಹುದೇ, ನೋವಿದೆಯೇ, ತೊಳೆಯಲು ಸುಲಭವೇ, ಬಸ್ಸಿನಲ್ಲಿ ಒಯ್ಯಬಹುದೇ, ಹಾಲೆಷ್ಟು. ಬಸ್ಸಿನ ಅಂಕಣ ಯಾಕೆಂದರೆ ಪರೀಕ್ಷೆಯ ನಡುವೆ ಎದೆ ಬಿಗಿದು ಕಲ್ಲಾದರೆ ನಾನು ಲೆಕ್ಕ ಮಾಡುವುದು ಹೇಗೆ? ಪಂಪು ನನ್ನ ಜೊತೆಗೂ ಬರಬೇಕಿತ್ತು. ಹುಕ್ಕಾ ಪಂಪಿನ ಎದುರಿಗೆ ಬರೆದದ್ದು: ಒಬ್ಬರೇ ಹಿಡಿಯಬಹುದು. ನೋವು ಎದೆಗಲ್ಲ, ದವಡೆಗೆ. ನಳಿಕೆಯ ಒಳಗೆ ತೊಳೆಯಲು ಆಗದು. ಬಸ್ಸಿನಲ್ಲಿ ಒಯ್ಯಬಹುದು. ಹಾಲು ಅರ್ಧ ಒಳಲೆ. ಒಳಲೆ ಎಂದರೆ ಕೂಸಿಗೆ ಹಾಲು ಕುಡಿಸುವ, ಮೂತಿಯಿರುವ ಸಣ್ಣ ಬೆಳ್ಳಿ ಬಟ್ಟಲು. ಮನೆಯಲ್ಲಿ ಅಳತೆಗೆ ನನಗೆ ಸಿಕ್ಕಿದ್ದು ಅದೇ.

"ಇಷ್ಟಕ್ಕೆಲ್ಲ ಗಂಗಾವತಿಗಿ ಯಾಕ ಹೋಗಬೇಕಿತ್ತು?" ಎಂದು ಅವ್ವ ತನ್ನ ಕಾಲದ ಉಪಾಯವನ್ನು ಹೊರತೆಗೆದಳು. ಉಪ್ಪಿನಕಾಯಿಯ ಅಗಲ ಬಾಯಿಯ ಗಾಜಿನ ಬಾಟಲಿ. ಅದನ್ನು ಬಿಸಿನೀರಿನಿಂದ ತುಂಬಿಸಿ, ಕಾದ ಮೇಲೆ ನೀರು ಚೆಲ್ಲಿ, ಬಾಯಿಗೆ ತಣ್ಣೀರಿನ ಬಟ್ಟೆ ಒತ್ತಿ ಆರಿಸಿ, ಎದೆಗೆ ಹಿಡಿಯಬೇಕು. ಬಾಟಲಿ ತಣ್ಣಗಾಗುತ್ತ ಬಂದಂತೆ ತಾನಾಗಿ ಎಳೆಯುತ್ತದೆ.

ಎಳೆಯಿತು. ಹಾಲೂ ಬಂತು. ಆದರೆ ಬಾಟಲಿ ಬಿಡಲಿಲ್ಲ. ನಾನು ಎಳೆದರೆ ಬಾಟಲಿಯ ಜೊತೆ ನಾನೂ ಬರುತ್ತಿದ್ದೆ. ಅವ್ವ ಎಳೆದರೆ ಇಬ್ಬರೂ ಬರುತ್ತಿದ್ದೆವು.

"ಯವ್ವಾ, ಬಿಡಸ!"

"ತಡಿ, ಹಿಂಗ ಬೆರಳ ಹಾಕಿ ಗಾಳಿ ಬಿಡಬೇಕು. ನಮ್ಮ ಅತ್ತಿ ಬಿಡಸತಿದ್ಲು. ನಾ ಎಂದೂ ಬಿಡಸಿಲ್ಲ."

"ಮೊದಲ ಹೇಳಬಾರದೇನ ಅದನ್ನ!"

ಕೊನೆಗೆ ಬೆರಳು ತೂರಿಸಿ ಬಿಡಿಸಿದಾಗ ಎದೆಯ ಮೇಲೆ ಬಳೆಯಂಥ ಕೆಂಪು ಗುರುತು ಮೂಡಿತ್ತು. ಪಟ್ಟಿಯಲ್ಲಿ ಬರೆದೆ: "ಹಾಲು ಒಂದೂವರೆ ಒಳಲೆ. ಉತ್ತಮ. ಆದರೆ ಪರೀಕ್ಷೆಯ ಕೋಣೆಗೆ ಒಲೆ, ಹಂಡೆ, ಅವ್ವ ಮೂವರನ್ನೂ ಒಯ್ಯಬೇಕಾಗುತ್ತದೆ."

ಬರೆಯುವಾಗ ಮೆಲ್ಲಗೆ ಬಾಯಿಬಿಟ್ಟು ಓದಿಕೊಳ್ಳುವ ಚಾಳಿ ನನ್ನದು. ಅವ್ವನ ಕಿವಿಗೆ ಬಿತ್ತು.

"ಏನಂದಿ? ಹಾಲು ಎಣಸಾಕತ್ತಿಯೇನ?"

"ಎಣಸೂದಲ್ಲ, ಅಳಿಯೂದು."

"ಎರಡೂ ಒಂದ. ಹಡದಾಕಿ ಹಾಲು ಎಣಸಬಾರದು, ಕಣ್ಣಿಲೆ ಅಳೀಬಾರದು. ಬತ್ತಿ ಹೋಗತೈತಿ. ಕಣದಾಗ ರಾಶಿ ಅಳಿಯೂಮುಂದ ಒಂದು ಅಂತಾರೇನು? ಲಾಭ ಅಂತಾರ. ಜ್ವಾಳಕ್ಕ ಅಷ್ಟು ಅಂಜಿಕಿ ಇದ್ದಮ್ಯಾಲ ಹಾಲಿಗಿ ಬ್ಯಾಡೇನು?"

"ಹಂಗಾರ ಕೂಸಿಗೆ ಎಷ್ಟು ಇಟ್ಟು ಹೋಗಬೇಕು? ಹೇಳು."

"ಸಾಕಾಗೂವಷ್ಟು."

"ಸಾಕಾಗೂವಷ್ಟು ಅಂದ್ರ ಎಷ್ಟು?"

"ಸಾಕಾಗೂವಷ್ಟು ಅಂದ್ರ ಸಾಕಾಗೂವಷ್ಟು!"

ಈ ಲೆಕ್ಕ ಯಾವ ಪಾಠಪುಸ್ತಕದಲ್ಲಿಯೂ ಇರಲಿಲ್ಲ. ಅವ್ವನ ಕಣ್ಣು ತಪ್ಪಿಸಿ ಐದನೆಯ ಅಂಕಣದಲ್ಲಿ "ಲಾಭ" ಎಂದು ಬರೆದು ನೋಡಿದೆ. ಲಾಭ, ಲಾಭಾರ್ಧ. ನನಗೇ ನಗು ಬಂತು.

ಮೂರನೆಯ ಪಂಪು ಕುಷ್ಟಗಿಯಿಂದ ಬಂತು. ಯಜಮಾನರು ಗಂಗಾವತಿಯ ಆ ಓಣಿಗೆ ಮತ್ತೆ ಕಾಲಿಡಲು ಒಪ್ಪಲಿಲ್ಲ. ಶುಕ್ರವಾರ ಸೈಕಲ್ಲು ತುಳಿದುಕೊಂಡು ಕುಷ್ಟಗಿಯ ದವಾಖಾನೆಗೆ ಹೋಗಿ ಅಲ್ಲಿಯ ನರ್ಸ್‌ಬಾಯಿಯನ್ನು ಕೇಳಿದರು. ಆಕೆ ನಗಲಿಲ್ಲವಂತೆ, ಎಮ್ಮೆಯ ಮಾತೂ ಎತ್ತಲಿಲ್ಲವಂತೆ. ಕಪಾಟಿನಿಂದ ಒಂದು ಪಂಪು ತೆಗೆದು, ಕುದಿವ ನೀರಿಗೆ ಹಾಕಿ ತೋರಿಸಿ, ಹತ್ತಿಯಲ್ಲಿ ಸುತ್ತಿ ಕೊಟ್ಟಳು. ಇದಕ್ಕೂ ಗಾಜಿನ ಕಹಳೆ ಮತ್ತು ಉಬ್ಬು ಇದ್ದವು. ನಳಿಕೆಯ ಬದಲು ಹಿಂದೆ ಒಂದು ರಬ್ಬರ್ ಚೆಂಡು. ಚೆಂಡನ್ನು ಹಿಸುಕಿ ಎದೆಗೆ ಹಚ್ಚಿ ಮೆಲ್ಲಗೆ ಬಿಟ್ಟರೆ ಹಾಲು ಎಳೆದುಕೊಳ್ಳುತ್ತದೆ.

ನಾಲ್ಕು ಅಂಕಣಗಳಲ್ಲಿ ಅದಕ್ಕೆ ಪೂರ್ತಿ ಅಂಕ ಬಂತು. ಐದನೆಯದರಲ್ಲಿ ಸೊನ್ನೆ.

ದಿನಾಲು ಬೆಳಗ್ಗೆ ಕೂಸು ಕುಡಿದು ಮಲಗಿದ ಮೇಲೆ ಕೂರುತ್ತಿದ್ದೆ. ಹಿಸುಕುವುದು, ಬಿಡುವುದು, ಗಾಜನ್ನು ಬೆಳಕಿಗೆ ಹಿಡಿದು ನೋಡುವುದು. ಉಬ್ಬಿನ ತಳ ಒದ್ದೆಯಾಗುತ್ತಿತ್ತು, ಅಷ್ಟೇ. ನಾಲ್ಕು ಹನಿ ಬಿದ್ದವೋ ಐದೋ ಎಂದು ಉಸಿರು ಹಿಡಿದು ಎಣಿಸುತ್ತಿದ್ದೆ. ಕೂಸು ಬಾಯಿ ಹಾಕಿದರೆ ಗಂಟಲಿಗೆ ಸಿಕ್ಕುವಷ್ಟು ಸುರಿಯುವ ಹಾಲು ಗಾಜನ್ನು ಕಂಡರೆ ಒಳಗೇ ನಿಲ್ಲುತ್ತಿತ್ತು. ಮಾರ್ಚ್ ತಿಂಗಳು ಬಂತು. ಉರ್ದು ವ್ಯಾಕರಣ ಮುಗಿಯಿತು. ಹಾಲು ಶುರುವಾಗಿಯೇ ಇರಲಿಲ್ಲ.

"ಮಾಸ್ತರು ಹುಡುಗೂರನ್ನ ನೋಡಿದಂಗ ನೋಡಾಕತ್ತೀದಿ ಅದನ್ನ. ಅಂಜಿ ಬರವಲ್ದು," ಎಂದಳು ಅವ್ವ. "ನಿನ್ನ ಕಣ್ಣ ಬಡದೈತಿ ಅದಕ್ಕ. ನಿನ್ನ ಹಾಲಿಗಿ ನಿನ್ನದ ದಿಷ್ಟಿ!"

ಮಾರ್ಚ್ ಏಳು, ಬುಧವಾರ. ಅವ್ವ ತನ್ನ ಪೆಟ್ಟಿಗೆ ತೆಗೆದು ಒಂದು ಕಪ್ಪು ಬಟ್ಟೆಯ ತುಂಡು ಹುಡುಕಿದಳು. ಮಗಳಿಗೆ ಕುಂಚಿಗೆ ಹೊಲಿದು ಉಳಿದ ಬಟ್ಟೆ ಅದು. ಕುಂಚಿಗೆ ನಮ್ಮ ಕಡೆಯ ಪ್ರತಿ ಕೂಸಿನ ತಲೆಯ ಮೇಲೂ ಇರುತ್ತದೆ: ತಲೆ, ಕಿವಿ ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುವ ಟೊಪ್ಪಿಗೆ. ಅವ್ವ ಪಂಪಿನ ಅಳತೆಗೆ ಸರಿಯಾಗಿ ಒಂದು ಕುಂಚಿಗೆ ಹೊಲಿದಳು. ಅಂಚಿಗೆ ಕೆಂಪು ಪಟ್ಟಿ. ಕುತ್ತಿಗೆಗೆ ಕಟ್ಟಲು ಲಾಡಿ. ಅಷ್ಟಕ್ಕೆ ಬಿಡದೆ ನೆತ್ತಿಗೆ ಒಂದು ಗೊಂಡೆಯನ್ನೂ ಹಚ್ಚಿದಳು.

"ಗೊಂಡೆ ಯಾಕವ್ವ?"

"ಕುಂಚಿಗಿ ಅಂದಮ್ಯಾಲ ಗೊಂಡೆ ಇರಬೇಕು. ಬೋಳು ಕುಂಚಿಗಿ ಅಪಶಕುನ."

ಕಹಳೆಯ ಬಾಯಿ ಬಿಟ್ಟು ಉಳಿದದ್ದೆಲ್ಲ ಒಳಗೆ. ಗಾಜಿನ ಪಂಪಿನ ದೊಡ್ಡ ಗುಣವೇ ಒಳಗೆ ಕಾಣುವುದು, ಅದನ್ನೇ ಮುಚ್ಚಿದರೆ ಹೇಗೆ ಎಂದು ನಾನು ವಾದಿಸಿದೆ. ಅವ್ವ ಲಾಡಿಯನ್ನು ಬಿಗಿಯಾಗಿ ಕಟ್ಟಿ ಕೈಗೆ ಕೊಟ್ಟಳು. ಮರುದಿನ ಮುಂಜಾನೆ ಅದನ್ನು ಹಚ್ಚಿಕೊಂಡು ಕುಳಿತೆ. ನಗೆಪಾಟಲಿನ ಹೊರತು ಬೇರೇನೂ ಬರಲಿಲ್ಲ.

ಅಷ್ಟರಲ್ಲಿ ಓಣಿಯ ತುದಿಮನೆಯ ಅಜ್ಜಿ ಬಂದಳು. ಬೇವೂರಿನ ಮಗಳ ಮನೆಯಲ್ಲಿ ಮೂರು ತಿಂಗಳಿದ್ದು ಆಗಷ್ಟೇ ಮರಳಿದ್ದಳು. ನನ್ನ ಹೆರಿಗೆಯ ಸುದ್ದಿ ಅಲ್ಲಿಯೇ ಕೇಳಿದ್ದಳು, ಕೂಸನ್ನು ಇನ್ನೂ ನೋಡಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗೋಡೆ ಹಿಡಿದು ಬಂದು ನನ್ನ ಮಗ್ಗುಲಲ್ಲಿ ಕುಳಿತಳು. ಕೂಸು ಮೂಲೆಯ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ನನ್ನ ಎದೆಗೆ ಕಪ್ಪು ಕುಂಚಿಗೆಯ ಪಂಪು. ನಾನು ಸೆರಗು ಎಳೆದುಕೊಳ್ಳುವಷ್ಟರಲ್ಲಿ ಅಜ್ಜಿಯ ಕೈ ಕುಂಚಿಗೆಯ ಮೇಲೆ ಬಿತ್ತು.

"ಎಷ್ಟು ಶಾಣ್ಯಾ ಕೂಸವ್ವ! ಗದ್ದಲಿಲ್ಲ ಏನಿಲ್ಲ, ಸುಮ್ಮನ ಕುಡೀತೈತಿ," ಎಂದಳು.

ನಾನು ಅವ್ವನ ಮುಖ ನೋಡಿದೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಅಜ್ಜಿಯ ಬೆರಳು ಗೊಂಡೆಯಿಂದ ಇಳಿದು ರಬ್ಬರ್ ಚೆಂಡಿಗೆ ಬಂತು. "ಅಯ್ಯ, ನೆತ್ತಿ ಇನ್ನೂ ಎಷ್ಟು ಮೆತ್ತಗೈತಿ! ಎಣ್ಣಿ ಬಡೀರಿ ಚಂದಾಗಿ." ಹಾಗೆನ್ನುತ್ತ ಮಮತೆಯಿಂದ ಒಂದು ಸಲ ಒತ್ತಿದಳು. ಪಂಪು ಪುಸುಕ್ ಎಂದಿತು.

"ಸೀನಿತು! ಚಿರಂಜೀವಿಯಾಗು ನನ್ನಪ್ಪಾ, ನೂರು ವರ್ಷ ಬಾಳು!"

ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳ ಬೆನ್ನು ಕುಣಿಯುತ್ತಿತ್ತು. ನನಗೆ ಹೊಟ್ಟೆಯಿಂದ ನಗು ಎದ್ದು ಗಂಟಲಿಗೆ ಬಂದು ನಿಂತಿತ್ತು. ಅಜ್ಜಿ ಇನ್ನೂ ಕೆಳಗೆ ತಡವಿ ಗಾಜಿನ ಬುಡ ಮುಟ್ಟಿದಳು.

"ಮೈ ತಣ್ಣಗೈತಲ್ಲ? ಥಂಡಿ ಆಗೈತೇನು? ಹೆಣ್ಣೋ ಗಂಡೋ?"

"ಹೆಣ್ಣು ಅಜ್ಜಿ," ಎಂದು ನಾನು ಹೇಗೋ ಹೇಳಿದೆ.

"ಇರಲಿ ಇರಲಿ. ಮೈಕಟ್ಟು ಅವರಪ್ಪಂದು. ಅಂವಾನೂ ಸಣ್ಣ ಕುತ್ತಿಗಿ, ದೊಡ್ಡ ತಲಿ."

ಅಲ್ಲಿಗೆ ಕಟ್ಟೆ ಒಡೆಯಿತು. ನಾನು ನಕ್ಕೆ. ಅವ್ವ ನೆಲದ ಮೇಲೆ ಕುಕ್ಕರಿಸಿ ನಕ್ಕಳು. ಯಾಕೆಂದು ತಿಳಿಯದೆ ಅಜ್ಜಿಯೂ ನಕ್ಕಳು. ಆ ನಗುವಿನ ನಡುವೆಯೇ ನನ್ನ ಎರಡೂ ಎದೆಯಲ್ಲಿ ಜುಮ್ಮೆಂದು, ಕೂಸು ಬಾಯಿ ಹಾಕಿದಾಗ ಆಗುವಂಥದೇ ಎಳೆತ ಶುರುವಾಯಿತು. ಕುಂಚಿಗೆಯ ಒಳಗೆ ಹಾಲು ಬೀಳುವ ಸದ್ದು ಕೇಳಿಸಿತು. ಒಂದು ಕಡೆ ಪಂಪಿನೊಳಗೆ, ಇನ್ನೊಂದು ಕಡೆ ನನ್ನ ಕುಪ್ಪಸದೊಳಗೆ.

ನಮ್ಮ ಗಲಾಟೆಗೆ ತೊಟ್ಟಿಲಲ್ಲಿದ್ದ ಮಗಳು ಎದ್ದು ಕಿರುಚಿದಳು. ಅಜ್ಜಿ ಬೆಚ್ಚಿ ಅತ್ತ ತಿರುಗಿದಳು.

"ಅಯ್ಯ ಶಿವನ! ಅವಳಿ ಜವಳಿ ಏನ? ನನಗ ಒಬ್ಬರೂ ಹೇಳಲಿಲ್ಲಲ್ಲವ್ವ!"

ಅಂದು ಪಂಪಿನ ಉಬ್ಬು ಎರಡು ಸಲ ತುಂಬಿತು. ದಿನಚರಿಯಲ್ಲಿ ಬರೆಯಲು ಸುಳ್ಳೇಕೆ, ಎರಡು ಸಲ ಎಂದೇ ಬರೆದಿದ್ದೇನೆ. ದೃಷ್ಟಿಯ ಮಾತನ್ನು ನಾನು ಇಂದಿಗೂ ಒಪ್ಪಿಲ್ಲ. ಕಣ್ಣಿಟ್ಟು ಎಣಿಸಿದಾಗ ಬರಲಿಲ್ಲ, ನಗುತ್ತ ಮರೆತಾಗ ಬಂತು. ಅವ್ವ ಕುಂಚಿಗೆಯಿಂದ ಅನ್ನುತ್ತಾಳೆ, ನಾನು ನಗುವಿನಿಂದ ಅನ್ನುತ್ತೇನೆ. ಕುಂಚಿಗೆ ಇರದಿದ್ದರೆ ನಗು ಎಲ್ಲಿಂದ ಬರುತ್ತಿತ್ತು ಎಂದು ಅವಳ ಮರುಪ್ರಶ್ನೆ.

ಆಮೇಲೆ ಆರಿಸುವುದಕ್ಕೆ ಏನೂ ಉಳಿಯಲಿಲ್ಲ. ಹುಕ್ಕಾ ಪಂಪನ್ನು ಪೊಟ್ಟಣದೊಳಗೆ ಹಾಕಿದೆವು, ಬಾಟಲಿ ಉಪ್ಪಿನಕಾಯಿಗೆ ಮರಳಿತು. ದಿನಾಲು ಮುಂಜಾನೆ ನಾನು ಚೆಂಡಿನ ಪಂಪು ಹಿಡಿದರೆ ಅವ್ವ ಎದುರಿಗೆ ಕುಳಿತು ಅಜ್ಜಿಯಾಗುತ್ತಿದ್ದಳು, ಇಲ್ಲವೆ ಗಂಗಾವತಿಯ ಅಂಗಡಿಯವನಾಗುತ್ತಿದ್ದಳು. ಅವಳೊಳಗೆ ಇಂಥ ಬಯಲಾಟವಿದೆ ಎಂದು ಇಪ್ಪತ್ತು ವರ್ಷದಲ್ಲಿ ನನಗೆ ಗೊತ್ತಾಗಿರಲಿಲ್ಲ.

ಪರೀಕ್ಷೆಯ ಶುಕ್ರವಾರ ನಸುಕಿನಲ್ಲೇ ಎದ್ದು ಮೂರು ಬೆಳ್ಳಿ ಬಟ್ಟಲು ತುಂಬಿದೆ. ಅವ್ವ ಅವುಗಳಿಗೆ ಒದ್ದೆ ಬಟ್ಟೆ ಕಟ್ಟಿ ಹಸಿ ಮರಳಿನಲ್ಲಿ ಹೂತಳು. ಕೂಸಿಗೆ ಹೊಟ್ಟೆ ತುಂಬ ಕುಡಿಸಿ, ತೊಳೆದ ಪಂಪನ್ನು ಹತ್ತಿಯಲ್ಲಿ ಸುತ್ತಿ, ಕುಂಚಿಗೆ ತೊಡಿಸಿ, ಚೀಲಕ್ಕೆ ಹಾಕಿಕೊಂಡು ಯಜಮಾನರ ಜೊತೆ ಬಸ್ಸು ಹತ್ತಿದೆ. ಎರಡು ಕಡೆ ಇಳಿದು ತಳ್ಳಿದೆವು. ಕೊಪ್ಪಳ ಮುಟ್ಟುವಾಗ ನಾನು ಇದ್ದಿಲಿನ ಅಂಗಡಿಯವಳಂತೆ ಕಾಣುತ್ತಿದ್ದೆ.

ಪರೀಕ್ಷೆಗೆ ಹದಿನಾಲ್ಕು ಮಂದಿ ಹೆಣ್ಣುಮಕ್ಕಳು ಬಂದಿದ್ದರು. ಮುಂಜಾನೆ ಕನ್ನಡ ಮತ್ತು ಲೆಕ್ಕ ಸುಸೂತ್ರವಾದವು. ಮಧ್ಯಾಹ್ನ ಒಂದು ಗಂಟೆಯ ಬಿಡುವಿನಲ್ಲಿ ಹಿಂದಿನ ಕೋಣೆಗೆ ಹೋದೆ. ಎದೆ ಆಗಲೇ ಕಲ್ಲಾಗಿತ್ತು. ಅಲ್ಲಿ ನನ್ನದೇ ವಯಸ್ಸಿನ ಒಬ್ಬಳು ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಕುಪ್ಪಸ ತೊಯ್ದು ಸೀರೆಯ ತನಕ ಇಳಿದಿತ್ತು. ಕುಷ್ಟಗಿಯವಳು. ನಾಲ್ಕು ತಿಂಗಳ ಮಗನನ್ನು ನಾದಿನಿಯ ಹತ್ತಿರ ಬಿಟ್ಟು ಬಂದಿದ್ದಳು.

"ಉರ್ದು ಬರಿಯಾಕ ಕುಂದರಂಗಿಲ್ಲರಿ ನಾನು," ಎಂದಳು. "ಕೈ ಎತ್ತಾಕ ಆಗವಲ್ದು. ಜ್ವರ ಬಂದಂಗ ಆಗೈತಿ. ಮನಿಗಿ ಹೋಗತೀನಿ."

ಜಾಗ ಎರಡೇ ಎಂಬುದು ಆಗ ನನ್ನ ನೆನಪಿಗೆ ಬಂತೇ ಎಂದು ಆಮೇಲೆ ಯಜಮಾನರು ಕೇಳಿದರು. ಬಂತು. ಅದರ ಜೊತೆಗೇ ಇವಳ ಎದೆಯ ನೋವು ಎಷ್ಟೆಂಬುದೂ ಗೊತ್ತಿತ್ತಲ್ಲ. ಮೊದಲು ನನ್ನ ಹಾಲು ತೆಗೆದುಕೊಂಡೆ. ಆಮೇಲೆ ಶಾಲೆಯ ಜವಾನನ ಹೆಂಡತಿಯ ಒಲೆಯ ಮೇಲೆ ನೀರು ಕುದಿಸಿ, ಗಾಜು ಚೆಂಡು ಎರಡನ್ನೂ ತೊಳೆದು, ಮತ್ತೆ ಕುಂಚಿಗೆ ತೊಡಿಸಿ ಅವಳ ಕೈಗೆ ಕೊಟ್ಟೆ.

ಅವಳು ಗೊಂಡೆಯನ್ನು ನೋಡಿದಳು. "ಇದೇನ್ರಿ ಇದು?"

"ನನ್ನ ಎರಡನೇ ಮಗಳು," ಎಂದೆ.

ಅವಳಿಗೂ ಮೊದಲು ಏನೂ ಬರಲಿಲ್ಲ. ಹೊತ್ತು ಓಡುತ್ತಿತ್ತು. ನಾನು ನೆಲಕ್ಕೆ ಕುಳಿತು, ಕಣ್ಣು ಅರೆ ಮುಚ್ಚಿ, ಅಜ್ಜಿಯ ದನಿಯಲ್ಲಿ ಶುರು ಮಾಡಿದೆ. ನೆತ್ತಿ ಮೆತ್ತಗೈತಿ ಎನ್ನುವಲ್ಲಿಗೆ ಅವಳ ಬಾಯಿ ಅರಳಿತು. ಸೀನುವಲ್ಲಿಗೆ ಬಾಗಿಲ ಹೊರಗಿನವರೂ ಒಳಗೆ ಬಂದರು. ಅವಳಿ ಜವಳಿ ಎನ್ನುವಷ್ಟರಲ್ಲಿ ಹದಿನಾಲ್ಕೂ ಮಂದಿ ಕೋಣೆಯಲ್ಲಿದ್ದರು. ಕುಷ್ಟಗಿಯವಳು ಒಂದು ಕೈಯಲ್ಲಿ ಪಂಪು ಹಿಡಿದು, ಇನ್ನೊಂದು ಕೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತ "ಬಂತ್ರಿ, ಬಂತು!" ಎಂದು ಕೂಗಿದಳು. ಹೊರಗಿನಿಂದ ಮೇಲ್ವಿಚಾರಕರು ಬಾಗಿಲು ಬಡಿದರು.

"ಏನು ಬಂತು? ಪ್ರಶ್ನೆಪತ್ರಿಕಿ ಇನ್ನೂ ನನ್ನ ಹತ್ರಾನ ಐತಿ!"

ಆ ಹಾಲನ್ನು ಯಾರೂ ತುಳಿಯದ ಜಾಗ ನೋಡಿ ಅಂಗಳದ ಬೇವಿನ ಮರದ ಬುಡಕ್ಕೆ ಹಾಕಿ, ಇಬ್ಬರೂ ಉರ್ದು ಬರೆಯಲು ಓಡಿದೆವು.

ಸಂಜೆ ಏಳೂವರೆಗೆ ಯಲಬುರ್ಗಾದಲ್ಲಿ ಇಳಿದಾಗ ಓಣಿಯ ಮೂಲೆಯಿಂದಲೇ ಮಗಳ ಅಳು ಕೇಳಿಸಿತು. ಅವ್ವ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಿಂದ ಹಿತ್ತಲಿಗೆ, ಹಿತ್ತಲಿಂದ ಬಾಗಿಲಿಗೆ ನಡೆಯುತ್ತಿದ್ದಳು. ಮೊದಲಿನ ಎರಡು ಬಟ್ಟಲು ಹಾಲನ್ನು ಕೂಸು ಚಪ್ಪರಿಸಿ ಕುಡಿದಿತ್ತು. ಮೂರನೆಯದನ್ನು ಅವ್ವ ಮೂಸಿ ನೋಡಿದಾಗ ಹುಳಿವಾಸನೆ ಬಂದಿತ್ತು. ಕರಿಬೇವಿನ ಗಿಡಕ್ಕೆ ಹಾಕಿದ್ದಳು. ನಾಲ್ಕು ಗಂಟೆಯಿಂದ ಕೂಸಿಗೆ ಕಾಸಿ ಆರಿಸಿದ ನೀರು ಎರಡು ಗುಟುಕು, ಉಳಿದದ್ದೆಲ್ಲ ಅವ್ವನ ಜೋಗುಳ.

ಊರಾಡಿ ಬಂದ ಬಾಣಂತಿ ಕೈಕಾಲು ತೊಳೆದು, ಒಂದು ಗಳಿಗೆ ಕುಳಿತು ಮೈ ಆರಿದ ಮೇಲೆಯೇ ಕೂಸನ್ನು ಮುಟ್ಟಬೇಕೆನ್ನುವುದು ನಮ್ಮ ಮನೆಯ ಕಟ್ಟಳೆ. ನಾನು ಇದ್ದಿಲು ಮುಖದಲ್ಲೇ ಬಚ್ಚಲಿನ ಕಡೆಗೆ ತಿರುಗಿದೆ.

"ಕಾಲು ಆಮ್ಯಾಲ ತೊಳಕೋ," ಎಂದು ಅವ್ವ ಕೂಸನ್ನು ನನ್ನ ತೋಳಿಗೆ ಹಾಕಿದಳು. "ಇದು ಕಾದು ಕಾದು ಸಾಕಾಗೈತಿ."

ಮಗಳು ಗುಟುಕರಿಸುವ ಸದ್ದಿನ ನಡುವೆ ಅವ್ವ ಕೇಳಿದಳು: "ಬರದಿ ಏನು?"

"ಬರದೆ."

"ಎಷ್ಟು ಬರದಿ?"

"ಸಾಕಾಗೂವಷ್ಟು."

ಅವ್ವ ನನ್ನ ಬೆನ್ನಿಗೆ ಒಂದು ಗುದ್ದಿದಳು.

ಜೂನ್ ಒಂಬತ್ತರಂದು ಫಲಿತಾಂಶ ಬಂತು. ಎರಡು ಜಾಗಕ್ಕೆ ಎರಡು ಹೆಸರು: ನನ್ನದು, ಕುಷ್ಟಗಿಯವಳದು. ಕೆಳ ಓಣಿಯವರೆಗೆ ಸಕ್ಕರೆ ಹಂಚಿದ ಮೇಲೆ ಹುಕುಮನ್ನು ಪೂರ್ತಿ ಓದಿದೆವು. ಯಲಬುರ್ಗಾದ ನನಗೆ ಕುಷ್ಟಗಿಯ ಶಾಲೆ, ಕುಷ್ಟಗಿಯ ಅವಳಿಗೆ ಯಲಬುರ್ಗಾದ ಶಾಲೆ! ಅದಲುಬದಲು ಮಾಡಿಕೊಡಬೇಕೆಂದು ಇಬ್ಬರೂ ಕೂಡಿ ದರಖಾಸ್ತು ಹಾಕಿದ್ದೇವೆ. ಅದು ಆಗಲಿ ಬಿಡಲಿ, ಮುಂದಿನ ತಿಂಗಳಿಂದ ಇಬ್ಬರೂ ದಿನಾಲು ಹತ್ತರಿಂದ ಐದರವರೆಗೆ ಶಾಲೆಯಲ್ಲಿರಬೇಕು. ಕೂಸುಗಳು ಗಂಜಿ ನೆಕ್ಕಲು ಕಲಿತಿವೆ. ಆದರೂ ಮಧ್ಯಾಹ್ನ ಮೂರಕ್ಕೆ ಕೇಳುವುದು ಹಾಲನ್ನೇ.

ಈಗ ನನ್ನ ತೊಡಕು ಆ ಮೂರನೆಯ ಬಟ್ಟಲಿನದು. ಒಂದು ದಿನದ ಪರೀಕ್ಷೆಗೆ ಅವ್ವನ ಹೆಗಲು ಸಾಕಾಯಿತು, ದಿನದಿನದ ನೌಕರಿಗೆ ಸಾಲದು. ತೆಗೆದಿಟ್ಟ ಎದೆಹಾಲು ನಮ್ಮ ಕಡೆಯ ಸೆಕೆಯಲ್ಲಿ ಎಷ್ಟು ಹೊತ್ತು ಕೆಡದೆ ಇರುತ್ತದೆ? ಹಸಿ ಮರಳಿಗಿಂತ ತಂಪಾದ ಉಪಾಯ ಯಾರಿಗಾದರೂ ಗೊತ್ತಿದೆಯೇ? ಬೆಳ್ಳಿಯ ಬಟ್ಟಲು ಒಳ್ಳೆಯದೋ, ಮಣ್ಣಿನ ಕುಡಿಕೆಯೋ? ಕಾಸಿ ಇಟ್ಟರೆ ಸತ್ವ ಹೋಗುತ್ತದೆಯೇ? ದವಾಖಾನೆಯ ನರ್ಸ್‌ಬಾಯಿ ತನಗೂ ಖಾತ್ರಿಯಿಲ್ಲವೆಂದು ಹೇಳಿದ್ದಾಳೆ. ಕೂಸು ಬಿಟ್ಟು ಕೆಲಸಕ್ಕೆ ಹೋಗುವ ಅಕ್ಕತಂಗಿಯರು, ಅಥವಾ ಅವರ ಮನೆಯವರು, ತಾವು ಮಾಡಿ ನೋಡಿದ್ದನ್ನು ಈ ಪತ್ರಿಕೆಗೆ ಬರೆದು ತಿಳಿಸಬೇಕು. ಕಾರ್ಡಿನಲ್ಲಿ ನಾಲ್ಕು ಸಾಲಾದರೂ ಆದೀತು. ಯಾವ ತಿಂಗಳಲ್ಲಿ, ಯಾವ ಪಾತ್ರೆಯಲ್ಲಿ, ಎಷ್ಟು ಗಂಟೆ ಎಂಬುದನ್ನು ಮಾತ್ರ ಬಿಡಬೇಡಿರಿ.